ಮೂರನೆಯ ಕೈ: ಕಲಾ ಚಿಕಿತ್ಸೆ ಮತ್ತು ಜೊತೆಗಿರುವ ವಿದ್ಯೆ

ಮನಸ್ಸಿಗೆ ಬಿದ್ದ ಪೆಟ್ಟನ್ನು ಆಪ್ತರೆದುರು ಹೇಳಿಕೊಂಡರೆ ಎದೆಯ ಭಾರ ಇಳಿಯುತ್ತದೆ ಎಂಬುದನ್ನು ಎಲ್ಲ ಸಮಾಜಗಳೂ ಅನುಭವದಿಂದ ಕಂಡುಕೊಂಡಿವೆಯಾದರೂ, ಹಿಂಸೆಗೆ ಸಿಕ್ಕಿ ನಲುಗಿದ ಮಗುವಿಗೆ, ಯುದ್ಧಭೂಮಿಯಿಂದ ಮರಳಿದ ಸೈನಿಕನಿಗೆ, ಪಾರ್ಶ್ವವಾಯುವಿನಿಂದ ನುಡಿಯುವ ಶಕ್ತಿ ಕಳೆದುಕೊಂಡವರಿಗೆ, ತೀವ್ರ ಖಿನ್ನತೆಯಲ್ಲಿ ಮಾತೇ ಬೇಡವಾದವರಿಗೆ ಆ ದಾರಿ ಸುಲಭವಾಗಿ ತೆರೆದುಕೊಳ್ಳುವುದಿಲ್ಲ. ಇಂಥವರನ್ನು ತಲುಪಲು ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ರೂಪುಗೊಂಡ ವಿಧಾನಗಳಲ್ಲಿ ಕಲಾ ಚಿಕಿತ್ಸೆಯೂ ಒಂದು. ತರಬೇತಿ ಪಡೆದ ಚಿಕಿತ್ಸಕರ ಸಮ್ಮುಖದಲ್ಲಿ, ಸುರಕ್ಷಿತವಾದ ಜಾಗದಲ್ಲಿ, ನಿಗದಿಯಾದ ಹೊತ್ತಿನಲ್ಲಿ ವ್ಯಕ್ತಿಯೊಬ್ಬರು ಬಣ್ಣ, ಜೇಡಿಮಣ್ಣು, ಕಾಗದ, ಬಟ್ಟೆಗಳಂಥ ಸಾಮಗ್ರಿಗಳಿಂದ ಏನನ್ನಾದರೂ ರೂಪಿಸುತ್ತ, ಹಾಗೆ ರೂಪಿಸುವ ಕ್ರಿಯೆಯ ಮೂಲಕವೇ ತಮ್ಮ ಭಾವನೆಗಳನ್ನು ಗುರುತಿಸಿ, ತಾಳಿಕೊಂಡು, ಕ್ರಮೇಣ ಅವುಗಳಿಗೊಂದು ಹದ ತಂದುಕೊಳ್ಳುವುದನ್ನು ಕಲಾ ಚಿಕಿತ್ಸೆ ಎಂದು ಕರೆಯಲಾಗುತ್ತದೆ.

ಈ ಚಿಕಿತ್ಸೆಯ ಸುತ್ತ ಎರಡು ತಪ್ಪು ಕಲ್ಪನೆಗಳು ಬೆಳೆದಿವೆ. ಚೆನ್ನಾಗಿ ಚಿತ್ರ ಬರೆಯಲು ಬರುವವರಿಗೆ ಮಾತ್ರ ಇದು ಉಪಯುಕ್ತ ಎಂಬುದು ಮೊದಲನೆಯದು. ಬರೆದ ಚಿತ್ರವನ್ನು ನೋಡಿದೊಡನೆ ತಜ್ಞರು ಬರೆದವರ ಒಳಗುಟ್ಟನ್ನೆಲ್ಲ ಹೇಳಿಬಿಡುತ್ತಾರೆ ಎಂಬುದು ಎರಡನೆಯದು. ಈ ಶಾಸ್ತ್ರವನ್ನು ಕಟ್ಟಿದವರ ಬದುಕು ಮತ್ತು ಕೆಲಸಗಳನ್ನು ಹತ್ತಿರದಿಂದ ನೋಡಿದರೆ ಇವೆರಡೂ ನಿಲ್ಲುವುದಿಲ್ಲ. ಚಿತ್ರದ ಅಂದಕ್ಕಿಂತ, ಅದರ ಅರ್ಥವನ್ನು ಬಿಡಿಸುವ ಜಾಣ್ಮೆಗಿಂತ ಹೆಚ್ಚಾಗಿ, ಒಬ್ಬರು ತಮ್ಮ ನೋವಿಗೆ ರೂಪ ಕೊಡುವ ಹೊತ್ತಿನಲ್ಲಿ ಇನ್ನೊಬ್ಬರು ಅವಸರಪಡದೆ, ತೀರ್ಪು ಕೊಡದೆ ಪಕ್ಕದಲ್ಲಿರುವುದೇ ಗುಣವಾಗುವಿಕೆಯ ತಳಹದಿ ಎಂಬ ಅರಿವು ಆ ಇತಿಹಾಸದ ಉದ್ದಕ್ಕೂ ಹರಿದುಬಂದಿದೆ. ಸಂಕಟದಲ್ಲಿರುವವರಿಗೆ ನೆರವಾಗಬಯಸುವ ಯಾರಿಗಾದರೂ ಅದರಲ್ಲಿ ಕಲಿಯುವುದಿದೆ.

ಆಸ್ಪತ್ರೆಯಲ್ಲಿ ಸಿಕ್ಕ ಹೆಸರು

ಮೊದಲನೆಯ ಮಹಾಯುದ್ಧದ ರಣರಂಗವನ್ನು ಅಧಿಕೃತ ಚಿತ್ರಕಾರರಾಗಿ ದಾಖಲಿಸಿದ್ದ ಬ್ರಿಟನ್ನಿನ ಏಡ್ರಿಯನ್ ಹಿಲ್ ಅವರು 1938ರಲ್ಲಿ ಕ್ಷಯರೋಗಕ್ಕೆ ತುತ್ತಾಗಿ ಸಸೆಕ್ಸ್ ಪ್ರಾಂತ್ಯದ ಮಿಡ್‌ಹರ್ಸ್ಟ್ ಕ್ಷಯರೋಗ ಧಾಮಕ್ಕೆ ದಾಖಲಾದರು. ಸ್ಟ್ರೆಪ್ಟೊಮೈಸಿನ್ ಬಳಕೆಗೆ ಬರುವುದಕ್ಕೆ ಮೊದಲಿನ ಆ ಕಾಲದಲ್ಲಿ ಕ್ಷಯಕ್ಕೆ ಮುಖ್ಯ ಮದ್ದೆಂದರೆ ತಿಂಗಳುಗಟ್ಟಲೆಯ ವಿಶ್ರಾಂತಿಯಾಗಿದ್ದು, ಹಾಸಿಗೆಯಲ್ಲಿ ಸುಮ್ಮನೆ ಬಿದ್ದಿರಬೇಕಾದ ರೋಗಿಗಳನ್ನು ಕಾಯಿಲೆಯಷ್ಟೇ ಬೇಸರವೂ ಭಯವೂ ಹಣ್ಣು ಮಾಡುತ್ತಿದ್ದವು. ಹಾಸಿಗೆಯ ಮೇಲಿಂದಲೇ ಸುತ್ತಲಿನ ವಸ್ತುಗಳನ್ನು ಚಿತ್ರಿಸತೊಡಗಿದ ಹಿಲ್, ಅದರಿಂದ ತಮ್ಮ ಮನಸ್ಸು ಚೇತರಿಸಿಕೊಂಡುದನ್ನು ಗಮನಿಸಿ, ಮುಂದೆ ಇತರ ರೋಗಿಗಳಿಗೂ ಯುದ್ಧದಲ್ಲಿ ಗಾಯಗೊಂಡ ಯೋಧರಿಗೂ ಚಿತ್ರ ಬರೆಯುವುದನ್ನು ಕಲಿಸಿದರು. ಕಲಾ ಚಿಕಿತ್ಸೆ ಎಂಬ ಹೆಸರನ್ನು 1942ರಲ್ಲಿ ಬಳಕೆಗೆ ತಂದವರು ಅವರೇ ಎಂದು ಪರಿಗಣಿಸಲಾಗಿದೆ. 1945ರಲ್ಲಿ ಈ ಅನುಭವಗಳನ್ನು ಕುರಿತ ಅವರ ಪುಸ್ತಕವೂ ಪ್ರಕಟವಾಯಿತು.

ಅದರ ಮರುವರ್ಷ, ಅಂದರೆ 1946ರಲ್ಲಿ, ಸರ್ರೆಯ ನೆದರ್ನ್ ಮಾನಸಿಕ ಆಸ್ಪತ್ರೆಯಲ್ಲಿ ಎಡ್ವರ್ಡ್ ಆಡಮ್ಸನ್ ಎಂಬ ಕಲಾವಿದರು ನೇಮಕಗೊಂಡರು. ಮನೋರೋಗಿಗಳನ್ನು ವರ್ಷಾನುಗಟ್ಟಲೆ ವಾರ್ಡುಗಳಲ್ಲಿ ಕೂಡಿಹಾಕಿ, ವಿದ್ಯುದಾಘಾತವನ್ನೂ ಮಿದುಳಿನ ಶಸ್ತ್ರಚಿಕಿತ್ಸೆಯನ್ನೂ ಧಾರಾಳವಾಗಿ ಬಳಸುತ್ತಿದ್ದ ಕಾಲದಲ್ಲಿ, ಆಡಮ್ಸನ್ ರೋಗಿಗಳಿಗಾಗಿ ಒಂದು ಚಿತ್ರಶಾಲೆಯನ್ನು ತೆರೆದು, ಅಲ್ಲಿಗೆ ಬಂದವರಿಗೆ ಕಾಗದ, ಬಣ್ಣ, ಕುಂಚಗಳನ್ನು ಒದಗಿಸಿ, ಏನು ಬರೆಯಬೇಕೆಂದು ಹೇಳದೆ, ಬರೆದುದನ್ನು ತಿದ್ದದೆ, ಟೀಕಿಸದೆ ಜೊತೆಗಿರುತ್ತಿದ್ದರು. ವೈದ್ಯರು ಆರಂಭದಲ್ಲಿ ಈ ಚಿತ್ರಗಳನ್ನು ರೋಗನಿರ್ಣಯದ ಸಂಶೋಧನಾ ಸಾಮಗ್ರಿಯೆಂದು ಕಂಡಿದ್ದರೆ, ಆಡಮ್ಸನ್ ಮಾತ್ರ ಬರೆಯುವ ಕ್ರಿಯೆಯಲ್ಲೇ ಗುಣಪಡಿಸುವ ಶಕ್ತಿ ಇದೆಯೆಂದು ನಂಬಿ, 1981ರಲ್ಲಿ ನಿವೃತ್ತರಾಗುವವರೆಗೂ ಆ ಕೆಲಸವನ್ನು ನಡೆಸಿದರು. ಅವರು ಕಾಪಾಡಿದ ಸಾವಿರಾರು ಕೃತಿಗಳು ಈಗ ಲಂಡನ್ನಿನ ವೆಲ್‌ಕಮ್ ಸಂಗ್ರಹದಲ್ಲಿವೆ. ಅದೇ 1946ರಲ್ಲಿ ಬ್ರೆಜಿಲ್‌ನ ರಿಯೊ ಡಿ ಜನೈರೊ ನಗರದಲ್ಲಿ ಮನೋವೈದ್ಯೆ ನೀಸೆ ದ ಸಿಲ್ವೇರಾ ಅವರು, ವಿದ್ಯುದಾಘಾತ ನೀಡಲು ಒಪ್ಪದೆ, ತಮ್ಮ ಆಸ್ಪತ್ರೆಯಲ್ಲಿ ಚಿತ್ರಕಲೆ ಮತ್ತು ಶಿಲ್ಪದ ಕಾರ್ಯಾಗಾರಗಳನ್ನು ಆರಂಭಿಸಿ, ರೋಗಿಗಳು ರಚಿಸಿದ ಕೃತಿಗಳಿಗಾಗಿ 1952ರಲ್ಲಿ ಒಂದು ವಸ್ತುಸಂಗ್ರಹಾಲಯವನ್ನೇ ಸ್ಥಾಪಿಸಿದರು.

ಅಮೆರಿಕದಲ್ಲಿ ಈ ಶಾಸ್ತ್ರಕ್ಕೆ ಸೈದ್ಧಾಂತಿಕ ಅಡಿಪಾಯ ಹಾಕಿದವರಲ್ಲಿ ಮಾರ್ಗರೆಟ್ ನೌಮ್‌ಬರ್ಗ್ ಪ್ರಮುಖರು. ಮನೋವಿಶ್ಲೇಷಣೆಯಲ್ಲಿ ರೋಗಿ ಮನಸ್ಸಿಗೆ ತೋಚಿದ್ದನ್ನೆಲ್ಲ ತಡೆಯಿಲ್ಲದೆ ಹೇಳುತ್ತ ಹೋಗುವಂತೆಯೇ, ತೋಚಿದ ಚಿತ್ರವನ್ನು ತಡೆಯಿಲ್ಲದೆ ಬರೆಯುತ್ತ ಹೋದರೆ ಅಪ್ರಜ್ಞೆಯಲ್ಲಿ ಹುದುಗಿರುವುದು ರೂಪ ತಳೆದು ಹೊರಬರುತ್ತದೆ ಎಂಬುದು ಅವರ ನಿಲುವು; ಆದರೆ ಹಾಗೆ ಬಂದ ಚಿತ್ರದ ಅರ್ಥವನ್ನು ಹೇಳಬೇಕಾದವರು ಬರೆದವರೇ ಹೊರತು ಚಿಕಿತ್ಸಕರಲ್ಲ ಎಂಬುದನ್ನೂ ಅವರು ಒತ್ತಿ ಹೇಳಿದರು. ಇದಕ್ಕಿಂತ ಭಿನ್ನವಾಗಿ, ಚಿತ್ರ ಬರೆಯುವ ಕ್ರಿಯೆಯೇ ಮನಸ್ಸನ್ನು ಕಟ್ಟುತ್ತದೆ ಎಂದು ವಾದಿಸಿದವರು ವಿಯೆನ್ನಾದಲ್ಲಿ ಹುಟ್ಟಿ ನ್ಯೂಯಾರ್ಕಿಗೆ ವಲಸೆ ಬಂದ ಈಡಿತ್ ಕ್ರೇಮರ್. ಕ್ರೇಮರ್ ಅವರ ವಿಚಾರಗಳ ಬೇರು ಅವರ ಗುರು ಫ್ರೀಡಲ್ ಡಿಕರ್-ಬ್ರಾಂಡೈಸ್ ಅವರಲ್ಲಿದೆ.

ಟೆರೆಜಿನ್‌ನ ಚಿತ್ರಪಾಠ

1898ರಲ್ಲಿ ವಿಯೆನ್ನಾದ ಯಹೂದಿ ಕುಟುಂಬವೊಂದರಲ್ಲಿ ಹುಟ್ಟಿದ ಫ್ರೀಡಲ್, ಕಲಾಶಿಕ್ಷಕ ಯೋಹಾನೆಸ್ ಇಟೆನ್ ಅವರ ಶಿಷ್ಯೆಯಾಗಿ, ಅವರ ಹಿಂದೆಯೇ ಜರ್ಮನಿಯ ವೈಮಾರ್‌ಗೆ ಹೋಗಿ, ಆಧುನಿಕ ಕಲೆ ಮತ್ತು ವಿನ್ಯಾಸದ ದಿಕ್ಕನ್ನೇ ಬದಲಿಸಿದ ಬೌಹೌಸ್ ಶಾಲೆಯಲ್ಲಿ 1919ರಿಂದ 1923ರವರೆಗೆ ಕಲಿತರು. ಗೆರೆ ಎಳೆಯುವ ಮೊದಲು ಉಸಿರನ್ನೂ ದೇಹವನ್ನೂ ಸಡಿಲಗೊಳಿಸಿ, ಲಯಕ್ಕೆ ತಕ್ಕಂತೆ ಕೈ ಆಡಿಸಿ, ವಸ್ತುವಿನ ಒರಟು ನುಣುಪುಗಳನ್ನು ಮುಟ್ಟಿ ತಿಳಿದು, ಆಮೇಲೆ ಚಿತ್ರಕ್ಕೆ ಇಳಿಯಬೇಕೆಂಬ ಇಟೆನ್ ಅವರ ಪದ್ಧತಿ ಫ್ರೀಡಲ್ ಅವರಿಗೆ ಕರಗತವಾಗಿತ್ತು. 1934ರಲ್ಲಿ ವಿಯೆನ್ನಾದಲ್ಲಿ ರಾಜಕೀಯ ಕಾರಣಕ್ಕೆ ಬಂಧನಕ್ಕೊಳಗಾಗಿ, ಬಿಡುಗಡೆಯ ನಂತರ ಪ್ರಾಗ್ ನಗರಕ್ಕೆ ಹೋದ ಅವರು, ನಾಜಿ ಜರ್ಮನಿಯಿಂದ ಓಡಿಬಂದ ನಿರಾಶ್ರಿತರ ಮಕ್ಕಳಿಗೆ ಚಿತ್ರಪಾಠ ಹೇಳತೊಡಗಿದಾಗ, ಅವರಿಗೆ ಸಹಾಯಕಿಯಾಗಿ ನಿಂತವರಲ್ಲಿ ಹದಿಹರೆಯದ ಈಡಿತ್ ಕ್ರೇಮರ್ ಇದ್ದರು. ದಿಕ್ಕೆಟ್ಟ ಮಕ್ಕಳ ಮನಸ್ಸು ಚಿತ್ರ ಬರೆಯುತ್ತ ಬರೆಯುತ್ತ ಹೇಗೆ ಹಿಡಿತಕ್ಕೆ ಬರುತ್ತದೆ ಎಂಬುದನ್ನು ಕ್ರೇಮರ್ ಮೊದಲು ಕಂಡದ್ದು ಅಲ್ಲಿಯೇ.

1942ರ ಡಿಸೆಂಬರಿನಲ್ಲಿ ಫ್ರೀಡಲ್ ಮತ್ತು ಅವರ ಪತಿಯನ್ನು ಪ್ರಾಗ್‌ನ ಉತ್ತರಕ್ಕಿರುವ ಟೆರೆಜಿನ್ ಎಂಬ ಹಳೆಯ ಕೋಟೆ ಪಟ್ಟಣಕ್ಕೆ ಸಾಗಿಸಲಾಯಿತು. ನಾಜಿಗಳು ಯಹೂದಿಗಳನ್ನು ಕೂಡಿಹಾಕಿ, ಅಲ್ಲಿಂದ ತಂಡತಂಡವಾಗಿ ಪೂರ್ವದ ಸಾವಿನ ಶಿಬಿರಗಳಿಗೆ ಕಳುಹಿಸುತ್ತಿದ್ದ ಜಾಗ ಅದು. ಜೊತೆಗೆ ಒಯ್ಯಬಹುದಾಗಿದ್ದ ಸಾಮಾನಿಗೆ 50 ಕಿಲೊ ಮಿತಿ ಇದ್ದಾಗ, ಅದರಲ್ಲಿ ದೊಡ್ಡ ಪಾಲನ್ನು ಫ್ರೀಡಲ್ ಚಿತ್ರ ಸಾಮಗ್ರಿಗಳಿಗೇ ಮೀಸಲಿಟ್ಟರು. ಟೆರೆಜಿನ್‌ನಲ್ಲಿ ಮಕ್ಕಳಿಗೆ ಶಾಲಾಪಾಠ ಹೇಳುವುದು ನಿಷಿದ್ಧವಾಗಿದ್ದರೂ ಹಾಡು, ಚಿತ್ರ, ಕೈಕೆಲಸಗಳಿಗೆ ಅಡ್ಡಿಯಿರಲಿಲ್ಲವಾದ್ದರಿಂದ, ಎಲ್410 ಎಂಬ ಸಂಖ್ಯೆಯ ಬಾಲಕಿಯರ ವಸತಿಯಲ್ಲಿ ತಾವೂ ವಾಸವಾಗಿದ್ದ ಅವರು ಅಲ್ಲಿಯೂ ಇತರ ವಸತಿಗಳಲ್ಲಿಯೂ ತರಗತಿಗಳನ್ನು ನಡೆಸಿದರು.

ಆ ತರಗತಿಗಳಲ್ಲಿ ಹುಟ್ಟಿದ ಹಾಳೆಗಳನ್ನು ನೋಡಿದರೆ ಪಾಠದ ಕ್ರಮ ಅರಿವಾಗುತ್ತದೆ. ಕಾಗದಕ್ಕೆ ಬರವಿದ್ದುದರಿಂದ ಬಳಸಿ ಬಿಸಾಡಿದ ಕಚೇರಿ ಫಾರಂಗಳ ಹಿಂಬದಿ, ಪೊಟ್ಟಣ ಕಟ್ಟುವ ಕಾಗದ, ಅಂಚು ಹರಿದ ಚೂರುಗಳೆಲ್ಲ ಚಿತ್ರದ ಹಾಳೆಗಳಾದವು. ಬಣ್ಣ ಸಾಲದಿದ್ದಾಗ ಅದೇ ಫಾರಂಗಳನ್ನು ಕತ್ತರಿಸಿ, ಮುದ್ರಿತ ಗೆರೆಗಳೂ ಅಂಕಿಗಳೂ ಕಾಣುವಂತೆಯೇ ಅಂಟಿಸಿ, ಬೆಟ್ಟ, ಮನೆ, ಹೂದಾನಿಗಳನ್ನು ಮೂಡಿಸುವ ಕೊಲಾಜ್ ಕಲೆಯನ್ನು ಮಕ್ಕಳು ಕಲಿತರು. ಕೆಲವು ಹಾಳೆಗಳ ತುಂಬ ಸುರುಳಿಗಳೂ ಅಲೆಗಳೂ ಮಾತ್ರ ಇವೆ. ಇವು ಚಿತ್ರಕ್ಕೆ ಮೊದಲು ಮೈಮನಗಳ ಬಿಗುವನ್ನು ಸಡಿಲಿಸಲು ಮಾಡಿಸುತ್ತಿದ್ದ ಲಯದ ಅಭ್ಯಾಸಗಳು. ಮಕ್ಕಳು ಬಿಟ್ಟುಬಂದ ಮನೆಯ ಊಟದ ಮೇಜು, ತೋಟ, ಹೂವು, ಚಿಟ್ಟೆ, ಕಥೆಗಳ ರಾಜಕುಮಾರಿಯರನ್ನು ಬರೆದ ಹಾಳೆಗಳ ನಡುವೆ, ಮೂರು ಅಂತಸ್ತಿನ ಮಲಗುವ ಹಲಗೆಗಳನ್ನೂ ಗಂಜಿಗೆ ನಿಂತ ಸಾಲನ್ನೂ ಬರೆದ ಹಾಳೆಗಳೂ ಇವೆ. ಶಿಬಿರದ ಆಡಳಿತಕ್ಕೆ ಈ ಮಕ್ಕಳು ಸಾಗಣೆಯ ಪಟ್ಟಿಯಲ್ಲಿನ ಸಂಖ್ಯೆಗಳಾಗಿದ್ದರೆ, ಫ್ರೀಡಲ್ ಪ್ರತಿ ಮಗುವೂ ತನ್ನ ಚಿತ್ರದ ಮೇಲೆ ತನ್ನ ಹೆಸರನ್ನು ಬರೆಯಲೇಬೇಕೆಂದು ಪಟ್ಟು ಹಿಡಿದರು.

ಮಕ್ಕಳ ಚಿತ್ರಗಳನ್ನು ಕುರಿತು 1943ರಲ್ಲಿ ಟೆರೆಜಿನ್‌ನಲ್ಲಿಯೇ ಅವರು ಉಪನ್ಯಾಸವನ್ನೂ ನೀಡಿದರು. ಮಕ್ಕಳನ್ನು ಕಲಾವಿದರನ್ನಾಗಿ ಮಾಡುವುದು ತಮ್ಮ ಪಾಠದ ಗುರಿಯಲ್ಲವೆಂದೂ, ಅವರೊಳಗಿನ ಸ್ವತಂತ್ರ ಶಕ್ತಿಯನ್ನು ಎಚ್ಚರಿಸಿ ಕಾಪಾಡುವುದೇ ಗುರಿಯೆಂದೂ, ದೊಡ್ಡವರು ತಮ್ಮ ಅಭಿರುಚಿಯನ್ನು ಮಕ್ಕಳ ಮೇಲೆ ಹೇರಿದರೆ ಆ ಶಕ್ತಿ ಬತ್ತುತ್ತದೆಯೆಂದೂ ಅವರು ತಿಳಿದಿದ್ದರು. 1944ರ ಶರತ್ಕಾಲದಲ್ಲಿ ಪತಿಯನ್ನು ಆಶ್‌ವಿಟ್ಸ್‌ಗೆ ಸಾಗಿಸಿದಾಗ, ಮುಂದಿನ ಸಾಗಣೆಯಲ್ಲಿ ತಾವಾಗಿಯೇ ಹೆಸರು ಕೊಟ್ಟು ಹೊರಟ ಅವರನ್ನು ಅಕ್ಟೋಬರ್ 9ರಂದು ಅಲ್ಲಿ ಕೊಲ್ಲಲಾಯಿತು, ಪತಿ ಬದುಕುಳಿದರು. ಹೊರಡುವ ಮುನ್ನ ಎರಡು ಸೂಟ್‌ಕೇಸುಗಳಲ್ಲಿ ತುಂಬಿ ಬಚ್ಚಿಡಲಾಗಿದ್ದ ಸುಮಾರು 4,500 ಚಿತ್ರಗಳು ಯುದ್ಧ ಮುಗಿದ ಮೇಲೆ ಪ್ರಾಗ್ ತಲುಪಿ, ಈಗ ಅಲ್ಲಿನ ಯಹೂದಿ ವಸ್ತುಸಂಗ್ರಹಾಲಯದಲ್ಲಿವೆ. ಅವುಗಳನ್ನು ಬರೆದ ಮಕ್ಕಳಲ್ಲಿ ಹೆಚ್ಚಿನವರು ಉಳಿಯಲಿಲ್ಲ. ಚಿತ್ರಕಲೆ ಅವರನ್ನು ಸಾವಿನಿಂದ ಕಾಪಾಡಲಿಲ್ಲ, ಕಾಪಾಡಲು ಸಾಧ್ಯವೂ ಇರಲಿಲ್ಲ. ಬದುಕಿದ್ದಷ್ಟು ದಿನ ಅವರ ಮನುಷ್ಯತ್ವವನ್ನು ಅದು ಕಾಪಾಡಿತು ಎಂಬುದಕ್ಕೆ ಆ ಹಾಳೆಗಳೇ ಪುರಾವೆ.

ಕ್ರೇಮರ್ ಅವರ ಮೂರನೆಯ ಕೈ

1938ರಲ್ಲಿ ನ್ಯೂಯಾರ್ಕಿಗೆ ತಪ್ಪಿಸಿಕೊಂಡು ಹೋದ ಈಡಿತ್ ಕ್ರೇಮರ್, 1950ರಿಂದ ಏಳು ವರ್ಷ ವಿಲ್ಟ್‌ವಿಕ್ ಎಂಬ ವಸತಿ ಶಾಲೆಯಲ್ಲಿ ಕೆಲಸ ಮಾಡಿದರು. ಬಡತನ, ನಿರ್ಲಕ್ಷ್ಯ ಮತ್ತು ಹಿಂಸೆಯ ನಡುವೆ ಬೆಳೆದು, ಕಾನೂನಿನ ಕೈಗೆ ಸಿಕ್ಕಿದ್ದ ಹುಡುಗರ ಶಾಲೆ ಅದು. ಇಂಥ ಮಕ್ಕಳ ಜೊತೆಗಿನ ಅನುಭವದಿಂದ ಅವರು ಎರಡು ಪುಸ್ತಕಗಳನ್ನು 1958 ಮತ್ತು 1971ರಲ್ಲಿ ಪ್ರಕಟಿಸಿ, ಉದಾತ್ತೀಕರಣ ಎಂಬ ಮನೋವಿಶ್ಲೇಷಣೆಯ ಪರಿಕಲ್ಪನೆಯನ್ನು ಕಲಾ ಚಿಕಿತ್ಸೆಯ ನಡುಗಂಬವಾಗಿ ನಿಲ್ಲಿಸಿದರು. ಕೋಪ, ಅಸೂಯೆ, ಭಯಗಳಂಥ ಪ್ರಬಲ ಪ್ರೇರಣೆಗಳು ತಮ್ಮ ಕಸುವನ್ನು ಕಳೆದುಕೊಳ್ಳದೆಯೇ, ನಾಶಮಾಡುವ ದಾರಿ ಬಿಟ್ಟು ಕಟ್ಟುವ ದಾರಿ ಹಿಡಿಯುವುದನ್ನು ಉದಾತ್ತೀಕರಣ ಎನ್ನುತ್ತಾರೆ. ಎದುರಿಗಿದ್ದವನ ಮೇಲೆ ಕೈಮಾಡಲು ಹೊರಟ ಹುಡುಗ ಅದೇ ರಭಸದಲ್ಲಿ ಜೇಡಿಮಣ್ಣನ್ನು ಗುದ್ದುತ್ತ, ಗುದ್ದಿದ ಮಣ್ಣಿನಲ್ಲಿ ಹಲ್ಲು ಕಿರಿದ ಪ್ರಾಣಿಯ ಮುಖವನ್ನು ಕಂಡು, ಅದಕ್ಕೆ ಕಣ್ಣು, ಕಿವಿ, ಕೋರೆಗಳನ್ನು ಜಾಗರೂಕತೆಯಿಂದ ಕೂಡಿಸುತ್ತ ಹೋದರೆ, ಅವನ ಕೋಪ ಎಲ್ಲಿಗೂ ಹೋಗಿರುವುದಿಲ್ಲವಾದರೂ ಅದು ಈಗ ಅವನ ಹತೋಟಿಯಲ್ಲಿ ಇರುತ್ತದೆ.

ಚಿತ್ರ ಸಾಮಗ್ರಿಯನ್ನು ಮಕ್ಕಳು ಬಳಸುವ ಬಗೆಯನ್ನು ಕ್ರೇಮರ್ ಐದಾಗಿ ವಿಂಗಡಿಸಿದರು. ಬಣ್ಣವನ್ನು ಬಳಿದು, ಚೆಲ್ಲಿ, ಮುಟ್ಟಿ ನೋಡುವ ಪೂರ್ವಸಿದ್ಧತೆಯ ಆಟ. ಹಿಡಿತ ತಪ್ಪಿ ಎರಚುವ, ಹರಿಯುವ, ಜಜ್ಜುವ ಗೊಂದಲದ ಹೊರಹಾಕುವಿಕೆ. ಒಳಗಿನದು ಹೊರಗೆ ಬಾರದಂತೆ ಒಂದೇ ನಮೂನೆಯ ಹೂವನ್ನೋ ಮನೆಯನ್ನೋ ಮತ್ತೆ ಮತ್ತೆ ನಕಲು ಮಾಡುತ್ತ ಅದರ ಮರೆಯಲ್ಲಿ ಅಡಗುವುದು. ಹೇಳಬೇಕಾದ ಮಾತಿಗೆ ಬದಲಾಗಿ ಸಂಕೇತದಂತೆ ಗೀಚಿದ ಚಿತ್ರಲಿಪಿ. ಕೊನೆಯದಾಗಿ, ಭಾವವೂ ರೂಪವೂ ಒಂದಕ್ಕೊಂದು ಹೊಂದಿಕೊಂಡು, ಬರೆದವರಿಗೂ ನೋಡುವವರಿಗೂ ಮುಟ್ಟುವಂಥ ಪೂರ್ಣ ಅಭಿವ್ಯಕ್ತಿ. ಗುಣವಾಗುವ ದಾರಿಯಲ್ಲಿ ಮಗು ಇವುಗಳ ನಡುವೆ ಹಿಂದೆ ಮುಂದೆ ಓಡಾಡುತ್ತಿರುತ್ತದೆಯಾದ್ದರಿಂದ, ಮನದಲ್ಲಿರುವುದನ್ನೆಲ್ಲ ಹೊರಹಾಕಿಬಿಟ್ಟರೆ ಸಾಕು ಎಂಬ ಜನಪ್ರಿಯ ತಿಳಿವಳಿಕೆ ಅಪೂರ್ಣವಾದುದು. ಹೊರಹಾಕಿದ್ದಕ್ಕೆ ಆಕಾರ ಸಿಗುವವರೆಗೂ ಕೆಲಸ ಮುಗಿಯುವುದಿಲ್ಲ.

ಆ ಆಕಾರ ಸಿಗಲು ಚಿಕಿತ್ಸಕರು ಒದಗಿಸುವ ನೆರವನ್ನು ಕ್ರೇಮರ್ ‘ಮೂರನೆಯ ಕೈ’ ಎಂದು ಕರೆದರು. ಮಗು ಕಟ್ಟುತ್ತಿರುವ ಮಣ್ಣಿನ ಕುದುರೆಯ ಕಾಲು ಬಾಗಿ ಬೀಳುವಂತಾದಾಗ ಒಳಗೆ ಒಂದು ಕಡ್ಡಿಯನ್ನು ಆಸರೆಯಾಗಿ ಕೊಡುವುದು, ಬೇಕಾದ ಬಣ್ಣ ಸಿಗದೆ ಮಗು ಸೋತಾಗ ಎರಡು ಬಣ್ಣಗಳನ್ನು ಬೆರೆಸುವ ಬಗೆಯನ್ನು ತೋರಿಸುವುದು, ಹರಿದುಹೋದ ಹಾಳೆಯನ್ನು ಹಿಂದಿನಿಂದ ಅಂಟಿಸಿಕೊಡುವುದು ಈ ಬಗೆಯ ನೆರವಾಗಿದ್ದು, ನೆರವು ನೀಡುವವರ ಶೈಲಿ, ರುಚಿ, ಅಭಿಪ್ರಾಯಗಳು ಮಗುವಿನ ಕೃತಿಯೊಳಕ್ಕೆ ನುಸುಳಬಾರದು ಎಂಬುದು ಅದರ ಮುಖ್ಯ ಕಟ್ಟಳೆ. ಚಿತ್ರದ ತಾಂತ್ರಿಕ ಅರಿವು ಮತ್ತು ಮನಸ್ಸಿನ ಸೂಕ್ಷ್ಮ ಅರಿವು ಎರಡೂ ಇರುವವರು ಮಾತ್ರ ಇದನ್ನು ಮಾಡಬಲ್ಲರಾದ್ದರಿಂದ ಕಲಾ ಚಿಕಿತ್ಸೆಗೆ ಪ್ರತ್ಯೇಕ ಶಿಕ್ಷಣ ಬೇಕೆಂದು ಕ್ರೇಮರ್ ವಾದಿಸಿದರು. ಬ್ರಿಟನ್ನಿನಲ್ಲಿ 1964ರಲ್ಲಿಯೂ ಅಮೆರಿಕದಲ್ಲಿ 1969ರಲ್ಲಿಯೂ ಸ್ಥಾಪನೆಯಾದ ವೃತ್ತಿ ಸಂಘಗಳು ಈ ಬಗೆಯ ಶಿಕ್ಷಣಕ್ಕೂ ವೃತ್ತಿಧರ್ಮಕ್ಕೂ ನಿಯಮಗಳನ್ನು ರೂಪಿಸಿದವು.

ಸಾಮಗ್ರಿಯ ಸ್ವಭಾವ

ಚಿಕಿತ್ಸೆಯ ಕೊಠಡಿಯಲ್ಲಿ ಮೂರು ಅಂಶಗಳು ಕೂಡಿರುತ್ತವೆ: ರೂಪಿಸುವವರು, ರೂಪುಗೊಳ್ಳುತ್ತಿರುವ ಕೃತಿ ಮತ್ತು ಚಿಕಿತ್ಸಕರು. ಮಾತಿನ ಚಿಕಿತ್ಸೆಯಲ್ಲಿ ಇಬ್ಬರ ನಡುವೆ ನೇರವಾಗಿ ನಡೆಯುವ ವ್ಯವಹಾರ ಇಲ್ಲಿ ಕೃತಿಯ ಮೂಲಕ ನಡೆಯುವುದರಿಂದ, ಹೇಳಲು ನಾಚಿಕೆಯೋ ಭಯವೋ ಇರುವ ಸಂಗತಿಯನ್ನು ಕೃತಿಯ ಮೇಲಿಟ್ಟು, ಅದನ್ನು ತುಸು ದೂರದಿಂದ ಇಬ್ಬರೂ ಒಟ್ಟಿಗೆ ನೋಡುವುದು ಸಾಧ್ಯವಾಗುತ್ತದೆ. ಅಮೆರಿಕದ ಬೆಥೆಸ್ಡಾದಲ್ಲಿರುವ ವಾಲ್ಟರ್ ರೀಡ್ ಸೈನಿಕ ವೈದ್ಯಕೀಯ ಕೇಂದ್ರದಲ್ಲಿ, ಸ್ಫೋಟದಿಂದ ಮಿದುಳಿಗೆ ಪೆಟ್ಟು ಬಿದ್ದ ಯೋಧರು ಖಾಲಿ ಮುಖವಾಡಗಳಿಗೆ ಬಣ್ಣ ಹಚ್ಚಿ, ತಂತಿ ಸುತ್ತಿ, ಬಾಯಿ ಹೊಲಿದು ತಮ್ಮ ಸ್ಥಿತಿಯನ್ನು ತೋರಿಸುವುದು ಇದರ ಹೆಸರಾಂತ ಉದಾಹರಣೆ.

ಆಘಾತದ ನೆನಪು ಮಾತಿಗೆ ಏಕೆ ಸುಲಭವಾಗಿ ಸಿಗುವುದಿಲ್ಲ ಎಂಬುದಕ್ಕೆ ಮಿದುಳಿನ ಅಧ್ಯಯನಗಳಲ್ಲಿ ಒಂದು ಸುಳಿವು ಇದೆ. 1996ರಲ್ಲಿ ಅಮೆರಿಕದ ಸಂಶೋಧಕರು ಆಘಾತೋತ್ತರ ಒತ್ತಡದ ಕಾಯಿಲೆಯಿರುವ ಕೆಲವೇ ರೋಗಿಗಳ ಮಿದುಳಿನ ಚಟುವಟಿಕೆಯನ್ನು ಅಳೆದಾಗ, ಕಹಿ ನೆನಪು ಕೆರಳಿದ ಹೊತ್ತಿನಲ್ಲಿ ಮಾತನ್ನು ಹೊರಡಿಸುವ ಬ್ರೋಕಾ ಪ್ರದೇಶದ ಚಟುವಟಿಕೆ ತಗ್ಗಿ, ಭಯಕ್ಕೂ ದೃಶ್ಯಕ್ಕೂ ಸಂಬಂಧಿಸಿದ ಭಾಗಗಳ ಚಟುವಟಿಕೆ ಏರಿದ್ದು ಕಂಡುಬಂತು. ಇಂಥ ನೆನಪುಗಳು ದೃಶ್ಯಗಳಾಗಿ, ವಾಸನೆಗಳಾಗಿ, ಮೈನಡುಕವಾಗಿ ಉಳಿಯುತ್ತವೆಯೆಂದಾದರೆ, ಅವುಗಳನ್ನು ಕೈ ಮತ್ತು ಕಣ್ಣಿನ ದಾರಿಯಿಂದ ತಲುಪುವ ಪ್ರಯತ್ನಕ್ಕೆ ಅರ್ಥವಿದೆ.

ಹಾಗೆ ತಲುಪುವಾಗ ಸಾಮಗ್ರಿಯ ಆಯ್ಕೆ ಔಷಧದ ಪ್ರಮಾಣದಷ್ಟೇ ಮುಖ್ಯವಾಗುತ್ತದೆ. ಅಮೆರಿಕದ ಸ್ಯಾಂಡ್ರಾ ಕೇಗಿನ್ ಮತ್ತು ವಿಯಾ ಲೂಸೆಬ್ರಿಂಕ್ 1978ರಲ್ಲಿ ಮಂಡಿಸಿದ ಒಂದು ಚೌಕಟ್ಟು ಕಲಾಕ್ರಿಯೆಯನ್ನು ಮೆಟ್ಟಿಲುಗಳಾಗಿ ಕಾಣುತ್ತದೆ: ದೇಹದ ಚಲನೆ ಮತ್ತು ಸ್ಪರ್ಶ ಮೊದಲ ಮೆಟ್ಟಿಲು, ಆಕಾರ ಮತ್ತು ಭಾವ ಎರಡನೆಯದು, ಯೋಚನೆ ಮತ್ತು ಸಂಕೇತ ಮೂರನೆಯದು. ನೀರು ಹೆಚ್ಚಿರುವ ಬಣ್ಣ ಹರಿದು, ಕಲೆತು, ಹಿಡಿತಕ್ಕೆ ಸಿಗದೆ ಭಾವವನ್ನು ಬೇಗನೆ ಕಲಕುತ್ತದೆ. ಪೆನ್ಸಿಲ್, ಸ್ಕೆಚ್ ಪೆನ್, ಕತ್ತರಿಸಿದ ಚಿತ್ರಗಳು ಬಳಸುವವರ ಹತೋಟಿಯಲ್ಲಿದ್ದು ಯೋಚನೆಗೆ ಎಡೆ ಕೊಡುತ್ತವೆ. ಜೇಡಿಮಣ್ಣು ಎರಡೂ ಕೈಗಳನ್ನು, ತೋಳನ್ನು, ಭುಜವನ್ನು ತೊಡಗಿಸಿ ದೇಹದಲ್ಲಿ ಬಿಗಿಹಿಡಿದ ಒತ್ತಡವನ್ನು ಹೊರತರುತ್ತದೆ. ಆದ್ದರಿಂದ ಭಾವದ ಪ್ರವಾಹದಲ್ಲಿ ಈಗಾಗಲೇ ಕೊಚ್ಚಿಹೋಗುತ್ತಿರುವವರ ಮುಂದೆ ಮೊದಲ ದಿನವೇ ಜಲವರ್ಣವನ್ನು ಇಡುವುದು ಅಪಾಯಕಾರಿಯಾಗಬಹುದು. ಭಾವವನ್ನೆಲ್ಲ ಗಟ್ಟಿಯಾಗಿ ಮುಚ್ಚಿಟ್ಟವರಿಗೆ ಅದೇ ಜಲವರ್ಣ ಕ್ರಮೇಣ ದಾರಿ ತೆರೆಯಬಹುದು.

ಪುರಾವೆ ಏನು ಹೇಳುತ್ತದೆ

ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದಲ್ಲಿ ಗಿರಿಜಾ ಕೈಮಲ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 39 ಮಂದಿ ವಯಸ್ಕರು 45 ನಿಮಿಷ ಜೇಡಿಮಣ್ಣು, ಮಾರ್ಕರ್ ಪೆನ್ನು, ಕೊಲಾಜ್‌ಗಳಲ್ಲಿ ತೊಡಗಿದಾಗ, ಒತ್ತಡದ ಹೊತ್ತಿನಲ್ಲಿ ದೇಹದಲ್ಲಿ ಏರುವ ಕಾರ್ಟಿಸಾಲ್ ಎಂಬ ಹಾರ್ಮೋನಿನ ಮಟ್ಟ ಸುಮಾರು ಶೇ 75ರಷ್ಟು ಜನರಲ್ಲಿ ತಗ್ಗಿತು. ಚಿತ್ರಕಲೆಯ ಪೂರ್ವಾನುಭವ ಇದ್ದವರಿಗೂ ಇಲ್ಲದವರಿಗೂ ಈ ವಿಷಯದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಹೋಲಿಕೆಗೆಂದು ಬೇರೊಂದು ಗುಂಪು ಇಲ್ಲದ ಚಿಕ್ಕ ಅಧ್ಯಯನವಾದ್ದರಿಂದ ಇದನ್ನು ಒಳ್ಳೆಯ ಸೂಚನೆಯೆಂದು ತೆಗೆದುಕೊಳ್ಳಬಹುದೇ ಹೊರತು ಅಂತಿಮ ತೀರ್ಮಾನವೆಂದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಪ್ರಾದೇಶಿಕ ಕಚೇರಿ 2019ರಲ್ಲಿ 3,000ಕ್ಕೂ ಹೆಚ್ಚು ಅಧ್ಯಯನಗಳನ್ನು ಅವಲೋಕಿಸಿ, ಕಾಯಿಲೆಯನ್ನು ತಡೆಯುವಲ್ಲಿಯೂ ಚಿಕಿತ್ಸೆಗೆ ಪೂರಕವಾಗಿಯೂ ಕಲೆಗಳಿಗೆ ಪಾತ್ರವಿದೆಯೆಂದು ವರದಿ ಮಾಡಿತು.

ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ಬ್ರಿಟನ್ನಿನಲ್ಲಿ ಸ್ಕಿಜೋಫ್ರೇನಿಯಾ ಇರುವ 417 ಮಂದಿಯ ಮೇಲೆ ನಡೆದು 2012ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ, ಗುಂಪಿನಲ್ಲಿ ನೀಡಿದ ಕಲಾ ಚಿಕಿತ್ಸೆಯಿಂದ ಎರಡು ವರ್ಷಗಳ ನಂತರ ಅವರ ದೈನಂದಿನ ಕಾರ್ಯಕ್ಷಮತೆಯಲ್ಲಾಗಲಿ ರೋಗಲಕ್ಷಣಗಳಲ್ಲಾಗಲಿ ಹೆಚ್ಚಿನ ಸುಧಾರಣೆ ಕಂಡುಬರಲಿಲ್ಲ. ಕಲಾ ಚಿಕಿತ್ಸೆಗೆ ನಿಗದಿಯಾದವರಲ್ಲಿ ಬಹಳ ಮಂದಿ ತರಗತಿಗೆ ಸರಿಯಾಗಿ ಬರಲೂ ಇಲ್ಲ. ತಾನಾಗಿ ಬಯಸದವರನ್ನು ಕರೆದು ಕೂರಿಸಿ ಕುಂಚ ಕೈಗಿತ್ತರೆ ಫಲ ಸಿಗದು ಎಂಬ ಪಾಠ ಇದರಲ್ಲಿದೆ. ಔಷಧ, ಆಪ್ತಸಮಾಲೋಚನೆ, ಕುಟುಂಬದ ಬೆಂಬಲಗಳ ಜೊತೆಗೆ ಸೇರಿದಾಗ ಕಲಾ ಚಿಕಿತ್ಸೆ ಅರ್ಥಪೂರ್ಣವಾಗುತ್ತದೆ. ಅವುಗಳ ಜಾಗವನ್ನು ಅದು ತುಂಬುತ್ತದೆಂದು ಹೇಳುವವರು ರೋಗಿಗಳಿಗೆ ಅನ್ಯಾಯ ಮಾಡುತ್ತಾರೆ.

ಪಕ್ಕದಲ್ಲಿರುವವರು ಅರಿಯಬೇಕಾದುದು

ಶಿಕ್ಷಕರು, ಅಂಗನವಾಡಿ ಕಾರ್ಯಕರ್ತೆಯರು, ಆಶಾ ಕಾರ್ಯಕರ್ತೆಯರು, ರೋಗಿಯನ್ನು ನೋಡಿಕೊಳ್ಳುವ ಮನೆಯವರು ಕಲಾ ಚಿಕಿತ್ಸಕರಾಗಬೇಕಿಲ್ಲ, ಆಗಲೂ ಬಾರದು. ಆದರೆ ಚಿತ್ರ ಬರೆಯಲು ಎಡೆ ಮಾಡಿಕೊಡುವ ಒಳ್ಳೆಯ ಜೊತೆಗಾರರು ಅವರು ಖಂಡಿತ ಆಗಬಲ್ಲರು. ಅದಕ್ಕೆ ಬೇಕಾದ ಮೊದಲ ಗುಣ ಅರ್ಥ ಹೇಳುವ ಚಪಲವನ್ನು ತಡೆಯುವುದು. ಹಾಳೆಯ ತುಂಬ ಕಪ್ಪು ಬಳಿದ ಮಗುವನ್ನು ಕಂಡೊಡನೆ ಖಿನ್ನತೆಯೆಂದು ಹಣೆಪಟ್ಟಿ ಹಚ್ಚುವವರಿದ್ದಾರೆ. ಆ ಕಪ್ಪು ಮಳೆಗಾಲದ ರಾತ್ರಿಯಾಗಿರಬಹುದು, ಅಮ್ಮನ ಕೂದಲಾಗಿರಬಹುದು, ಬಳಪದ ಪೆಟ್ಟಿಗೆಯಲ್ಲಿ ಕಪ್ಪು ಮಾತ್ರ ಉಳಿದಿದ್ದಿರಬಹುದು, ಅಥವಾ ನಿಜವಾಗಿಯೂ ಹೇಳಲಾರದ ಭಯವಾಗಿರಬಹುದು. ಇದನ್ನು ತಿಳಿಯುವ ದಾರಿ ಒಂದೇ: ‘ಇದೇನು?’ ಎಂದು ಪರೀಕ್ಷಿಸುವ ಬದಲು ‘ಈ ಚಿತ್ರದ ಬಗ್ಗೆ ಹೇಳ್ತೀಯಾ?’ ಎಂದು ಕೇಳಿ, ಉತ್ತರಕ್ಕೆ ಕಾದು, ಉತ್ತರ ಬಾರದಿದ್ದರೆ ಅದನ್ನೂ ಒಪ್ಪಿಕೊಳ್ಳುವುದು.

ಎರಡನೆಯದು ಹೊಗಳಿಕೆಯ ವಿಷಯದಲ್ಲಿ ಸಂಯಮ. ‘ಎಷ್ಟು ಚೆನ್ನಾಗಿದೆ’ ಎಂಬ ಮಾತು ಪ್ರೀತಿಯಿಂದಲೇ ಬಂದರೂ, ಮುಂದಿನ ಚಿತ್ರವೂ ಚೆನ್ನಾಗಿರಬೇಕೆಂಬ ಒತ್ತಾಯವನ್ನು ಬರೆಯುವವರ ಮೇಲೆ ಹೇರಿ, ಅಸಹ್ಯವಾದುದನ್ನೂ ಭಯಂಕರವಾದುದನ್ನೂ ಬರೆಯುವ ಸ್ವಾತಂತ್ರ್ಯವನ್ನು ಕಸಿದುಕೊಳ್ಳುತ್ತದೆ. ಅದರ ಬದಲು ಕಂಡುದನ್ನು ಮಾತ್ರ ಹೇಳುವುದು, ಅಂದರೆ ಈ ಮೂಲೆಯಲ್ಲಿ ಬಹಳ ಹೊತ್ತು ಕೆಲಸ ಮಾಡಿದ್ದನ್ನು ಗಮನಿಸಿರುವುದಾಗಿ ತಿಳಿಸುವುದು, ನೋಡಲ್ಪಟ್ಟೆನೆಂಬ ಸಮಾಧಾನವನ್ನು ಕೊಡುತ್ತದೆ. ಮೂರನೆಯದು ಗೌಪ್ಯತೆ. ಚಿತ್ರವು ಅದನ್ನು ಬರೆದವರ ಸ್ವತ್ತು. ಅವರ ಒಪ್ಪಿಗೆಯಿಲ್ಲದೆ ಗೋಡೆಗೆ ಅಂಟಿಸುವುದಾಗಲಿ, ಫೋಟೊ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಹಂಚುವುದಾಗಲಿ ವೈದ್ಯಕೀಯ ದಾಖಲೆಯನ್ನು ಬಯಲು ಮಾಡಿದಂತೆಯೇ ತಪ್ಪು.

ನಾಲ್ಕನೆಯದು ತನ್ನ ಮಿತಿಯ ಅರಿವು. ಚಿತ್ರ ಬರೆಯುತ್ತ ಯಾರಾದರೂ ಸಾಯುವ ಮಾತಾಡಿದರೆ, ಹಳೆಯ ಆಘಾತ ಮರುಕಳಿಸಿ ನಡುಗತೊಡಗಿದರೆ, ಅಲ್ಲಿಗೆ ನಿಲ್ಲಿಸಿ ತಜ್ಞರ ನೆರವಿಗೆ ಸೇರಿಸುವುದೇ ಸರಿಯಾದ ಸಹಾಯ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವುದು ತಿಳಿದುಬಂದರೆ ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೊ ಕಾಯ್ದೆಯಂತೆ ಕಡ್ಡಾಯವಾಗಿದ್ದು, 1098 ಸಂಖ್ಯೆಯ ಮಕ್ಕಳ ಸಹಾಯವಾಣಿಯೂ ನೆರವಿಗಿದೆ. ಆದರೆ ಚಿತ್ರವೊಂದನ್ನೇ ದೌರ್ಜನ್ಯದ ಸಾಕ್ಷಿಯೆಂದು ಓದುವುದು ಮಗುವಿಗೂ ಕುಟುಂಬಕ್ಕೂ ಹಾನಿ ತರಬಲ್ಲುದು.

ಕರ್ನಾಟಕದ ಸಂದರ್ಭ

ಬೆಂಗಳೂರಿನ ನಿಮ್ಹಾನ್ಸ್ ನೇತೃತ್ವದಲ್ಲಿ 12 ರಾಜ್ಯಗಳಲ್ಲಿ ನಡೆದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ, ವಿವಿಧ ಮನೋರೋಗಗಳಿರುವವರಲ್ಲಿ ಶೇ 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆಯೇ ದೊರಕುತ್ತಿಲ್ಲವೆಂದು ತೋರಿಸಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರ್ಕಾರದ ಸೇವೆಯಲ್ಲಿ ಮಾನಸಿಕ ಚಿಕಿತ್ಸೆ ಪಡೆಯುವುದನ್ನು ಪ್ರತಿಯೊಬ್ಬರ ಹಕ್ಕೆಂದು ಸಾರಿದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲಿಯೂ ನೆರವು ದೊರೆಯುತ್ತದೆ. ತಜ್ಞರ ಕೊರತೆ ಇಷ್ಟು ತೀವ್ರವಾಗಿರುವಲ್ಲಿ, ಜೊತೆಗಿದ್ದು ಕೇಳಿಸಿಕೊಳ್ಳಬಲ್ಲ, ಯಾವಾಗ ಯಾರ ಬಳಿಗೆ ಕಳುಹಿಸಬೇಕೆಂದು ಬಲ್ಲ ಸಾಮಾನ್ಯ ಜನರ ದೊಡ್ಡ ಬಳಗವೊಂದು ಬೇಕಾಗಿದೆ.

ಹೀಗೆ ಜೊತೆಗಿರುವವರಿಗೆ ಬೇಕಾದ ಸಾಮಗ್ರಿ ಕನ್ನಡ ನಾಡಿನ ಮನೆಗಳಲ್ಲಿ ಹೊಸದಲ್ಲ. ಚುಕ್ಕಿ ರಂಗೋಲಿ, ಮಲೆನಾಡಿನ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣಿನ ಗೋಡೆಯ ಮೇಲೆ ಪುಂಡಿ ನಾರಿನ ಕುಂಚದಿಂದ ಎಳೆಯುವ ಹಸೆ ಚಿತ್ತಾರ, ಹಳೆಯ ಬಟ್ಟೆಗಳ ಚೂರುಗಳನ್ನು ಒಟ್ಟಿಗೆ ಹೊಲಿಯುವ ಕೌದಿ, ಉತ್ತರ ಕರ್ನಾಟಕದ ಕಸೂತಿ ಇವೆಲ್ಲ ಆಚರಣೆ ಮತ್ತು ಅಗತ್ಯಗಳಿಂದ ಬೆಳೆದ ಕಲೆಗಳಾಗಿದ್ದು, ಅವುಗಳನ್ನು ಚಿಕಿತ್ಸೆಯೆಂದು ಕರೆಯುವುದು ಸಲ್ಲದು. ಆದರೂ ನಿಗದಿತ ವಿನ್ಯಾಸದೊಳಗೆ ಬಣ್ಣ ತುಂಬುವುದರಿಂದ ಖಾಲಿ ಹಾಳೆಯ ಮೇಲೆ ಬಣ್ಣ ಹಚ್ಚುವುದಕ್ಕಿಂತ ಹೆಚ್ಚಾಗಿ ಆತಂಕ ತಗ್ಗಿದುದನ್ನು ಅಮೆರಿಕದಲ್ಲಿ 2005ರಲ್ಲಿ ಪ್ರಕಟವಾದ ಒಂದು ಅಧ್ಯಯನ ಗಮನಿಸಿರುವುದನ್ನು ನೆನೆದರೆ, ಖಾಲಿ ಹಾಳೆಯೆದುರು ಅಳುಕುವ ಮಹಿಳೆಗೆ ಚುಕ್ಕಿಗಳ ಆಸರೆಯಿರುವ ರಂಗೋಲಿ ಸುರಕ್ಷಿತವಾದ ಮೊದಲ ಹೆಜ್ಜೆಯಾಗಬಲ್ಲುದು. ಬಳಸಿದ ಅನುಭವ ಕೈಗೆ ಮೊದಲೇ ಇರುವುದರಿಂದ ಸೋಲುವ ಭಯ ಅಲ್ಲಿ ಕಡಿಮೆ.

ಶಿಕ್ಷಕರ ತರಬೇತಿಯಲ್ಲಿ, ನರ್ಸಿಂಗ್ ಮತ್ತು ಸಮಾಜಕಾರ್ಯ ಶಿಕ್ಷಣದಲ್ಲಿ, ಬಾಲಮಂದಿರಗಳ ಸಿಬ್ಬಂದಿಯ ತರಬೇತಿಯಲ್ಲಿ ಈ ಜೊತೆಗಿರುವ ವಿದ್ಯೆಗೆ ಕೆಲವು ಗಂಟೆಗಳನ್ನಾದರೂ ಮೀಸಲಿಡುವುದು ದುಬಾರಿಯ ಕೆಲಸವಲ್ಲ. ಬಣ್ಣ, ಕಾಗದ, ಜೇಡಿಮಣ್ಣುಗಳಿಗೆ ತಗಲುವ ವೆಚ್ಚ ಸ್ವಲ್ಪವೇ. ಕಲಿಸಬೇಕಾದ ಕಷ್ಟದ ಸಂಗತಿಯೆಂದರೆ ಹೇಳದೆ ಕೇಳುವುದು, ತಿದ್ದದೆ ಆಸರೆ ಕೊಡುವುದು, ಅರ್ಥ ಮಾಡಿಕೊಳ್ಳುವ ಮೊದಲೇ ಒಪ್ಪಿಕೊಳ್ಳುವುದು. ಫ್ರೀಡಲ್ ಅವರಿಂದ ಕ್ರೇಮರ್ ಕಲಿತದ್ದು, ಕ್ರೇಮರ್ ಅವರಿಂದ ಒಂದು ವೃತ್ತಿಯೇ ಕಲಿತದ್ದು ಈ ಸಂಯಮವನ್ನು. ನೋವುಂಡವರು ತಮ್ಮ ನೋವಿಗೆ ತಾವೇ ರೂಪ ಕೊಡಬಲ್ಲರೆಂಬ ನಂಬಿಕೆಯಿಲ್ಲದವರಿಗೆ ಅದು ದಕ್ಕುವುದಿಲ್ಲವಾದ್ದರಿಂದ, ಇನ್ನೊಬ್ಬರಿಗೆ ನೆರವಾಗುವ ಎಲ್ಲ ತರಬೇತಿಯೂ ಆ ನಂಬಿಕೆಯನ್ನು ಬೆಳೆಸುವುದರಿಂದಲೇ ಆರಂಭವಾಗಬೇಕು.